ಮೂರು ಡೆಸಿಬೆಲ್ ಮಾತ್ರ

ನಮ್ಮ ಕಾಲೇಜಿನಲ್ಲಿ ದನಿ ಏರಿಸದೆ ಪಾಠ ಮಾಡುತ್ತಿದ್ದವರು ಸರ್ ಒಬ್ಬರೇ. ಗದಗಿನ ಆ ಪದವಿಪೂರ್ವ ಕಾಲೇಜಿಗೆ ತಗಡಿನ ಚಾವಣಿ. ನಾನು ಒಂದು ಕೋಣೆಯಲ್ಲಿ ಹಳಗನ್ನಡ ಪದ್ಯ ಓದಿಸುತ್ತಿದ್ದರೆ ಪಕ್ಕದ ಕೋಣೆಯ ವಿಜ್ಞಾನದ ಹುಡುಗರಿಗೂ ಅದು ಬಾಯಿಪಾಠವಾಗುತ್ತಿತ್ತು. ಸರ್ ದನಿ ಗೋಡೆ ದಾಟಿ ಬಂದದ್ದು ನನಗೆ ನೆನಪಿಲ್ಲ. ತರಗತಿಯಲ್ಲಿ ಗದ್ದಲವೆದ್ದರೆ ಅವರು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದರಂತೆ. ಏನೋ ತಪ್ಪಿಹೋಗುತ್ತಿದೆ ಎಂದು ಹೆದರಿ ಮುಂದಿನ ಬೆಂಚಿನವರೇ ಹಿಂದಿನವರ ಬಾಯಿ ಮುಚ್ಚಿಸುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ಲಕ್ಷ್ಮೇಶ್ವರದಲ್ಲಿ ತೀರಿಕೊಂಡರು. ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಬಹಳ ವರ್ಷ ಜೊತೆಗಿದ್ದವಳು ಎಂದು ನನ್ನನ್ನೂ ಮಾತಿಗೆ ಕರೆದರು. ಸರಳ ಜೀವಿ, ವೇಳೆ ತಪ್ಪದವರು, ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು ಎಂದು ನಾಲ್ಕು ಮಾತು ಹೇಳಿ ಬಂದು ಕೂತೆ. ಹೇಳಬೇಕಾಗಿದ್ದದ್ದು ಬೇರೆ ಇತ್ತು.

ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಕನ್ನಡ. ಮಧ್ಯಾಹ್ನ ಎಲ್ಲರೂ ಸ್ಟಾಫ್ ರೂಮಿನಲ್ಲಿ ಕಟುಮ್ ಕುಟುಮ್ ಎಂದು ಖಡಕ್ ರೊಟ್ಟಿ ಮುರಿಯುತ್ತಿದ್ದರೆ ಅವರು ತಮ್ಮ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಟ್ಟು, ಅದು ಮೆತ್ತಗಾಗುವ ತನಕ ಸುಮ್ಮನೆ ಕೂತಿರುತ್ತಿದ್ದರು. ಹಲ್ಲು ನೋವೇನೋ ಎಂದುಕೊಂಡು ಒಮ್ಮೆ ಕೇಳಿದೆ.

"ಹಲ್ಲು ಗಟ್ಟಿ ಅದಾವ್ರಿ ಮೇಡಂ," ಎಂದರು. "ಬಾಜೂಕ ಕುಂತವರು ಮಾತಾಡಿದ್ದು ಕೇಳಬೇಕಲ್ರಿ. ರೊಟ್ಟಿ ಕಡದ್ರ ತಲಿಯೊಳಗ ಅದರ ಸಪ್ಪಳನ ತುಂಬತೈತಿ."

ಮದುವೆಯಾಗಿರಲಿಲ್ಲ. ಬೆಟಗೇರಿಯ ಒಂದು ಓಣಿಯಲ್ಲಿ ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ಕಾಲೇಜಿನ ಪ್ರಯೋಗಾಲಯದಲ್ಲಿ ಸಪ್ಪಳ ಅಳೆಯುವ ಒಂದು ಮೀಟರು ಇತ್ತು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದನ್ನು ಅವರಷ್ಟು ಜೋಪಾನದಿಂದ ಯಾರೂ ಮುಟ್ಟುತ್ತಿರಲಿಲ್ಲ. ತಾಯಿ ಅದಕ್ಕೆಂದು ಖಣದ ಬಟ್ಟೆಯಲ್ಲಿ ಚೀಲ ಹೊಲಿದುಕೊಟ್ಟಿದ್ದರು. ಯಾರಾದರೂ ಗೊತ್ತಿಲ್ಲದ್ದನ್ನು ಕೇಳಿದರೆ ಸರ್‌ಗೆ ನಾಚಿಕೆಯಾಗುತ್ತಿರಲಿಲ್ಲ. "ಗೊತ್ತಿಲ್ಲ. ಅಳದು ಹೇಳ್ತೀನಿ," ಎನ್ನುತ್ತಿದ್ದರು. ಮರುದಿನ ಅಳೆದು ಬಂದು ಹೇಳುತ್ತಲೂ ಇದ್ದರು.

ಒಂದು ಚಳಿಗಾಲ ಅವರು ತಮ್ಮ ವಿದ್ಯಾರ್ಥಿಗಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋದರು. ಹುಡುಗಿಯರೂ ಇದ್ದರೆಂದು ಜೊತೆಗೆ ನನ್ನನ್ನೂ ಕರೆದರು. ನಾನು ಶಿರಹಟ್ಟಿಯವಳು, ಆ ಕೆರೆಗೆ ಬರುವ ಹೆಬ್ಬಾತುಗಳನ್ನು ಚಿಕ್ಕಂದಿನಿಂದ ನೋಡಿದವಳು. ಅವುಗಳ ಕೂಗನ್ನು ಅಳೆಯಬಹುದೆಂದು ಆವತ್ತೇ ತಿಳಿದದ್ದು. ನೀರಿನ ಅಂಚಿಗೆ ನಿಂತು ಮೀಟರು ಹಿಡಿದರು, ಒಡ್ಡಿನ ಮೇಲೆ ಬಂದು ಹಿಡಿದರು, ಮತ್ತೂ ಹಿಂದೆ ಹೊಲದಲ್ಲಿ ನಿಂತು ಹಿಡಿದರು. ಪ್ರತಿ ಸಲ ಅಂಕಿ ಇಳಿಯುತ್ತಿತ್ತು.

"ಸರ್, ಹಕ್ಕಿ ದನಿ ಸಣ್ಣದಾತೇನ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಹಕ್ಕಿದು ಹಕ್ಕಿ ಕಡೆನ ಐತಿ," ಎಂದರು ಅವರು. "ನೀ ಕೆರಿ ದಂಡಿಗಿದ್ರೂ ಅಷ್ಟ, ಶಿರಹಟ್ಟ್ಯಾಗ ಹೊದ್ದು ಮಲಗಿದ್ರೂ ಅಷ್ಟ. ಅದು ಶಬ್ದದ ಶಕ್ತಿ. ಹುಟ್ಟಿಸಿದವರದು. ನಿನ್ನ ಕಿವಿ ಪರದಿ ಮ್ಯಾಲ ಬಂದು ಬೀಳತೈತಲ್ಲ, ಅದು ಒತ್ತಡ. ಅದು ನೀ ಎಲ್ಲಿ ನಿಂತಿ ಅನ್ನೂದರ ಮ್ಯಾಲ ಐತಿ."

ಆಮೇಲೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ಲೆಕ್ಕ ತೋರಿಸಿದರು. ಕೂಗುವ ಹಕ್ಕಿಗಳು ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು. ಡೆಸಿಬೆಲ್ಲಿನಲ್ಲಿ ಮೂರು ಹೆಚ್ಚು. ಆದರೆ ಕಿವಿಯ ಮೇಲಿನ ಒತ್ತಡವೇ ಎರಡು ಪಟ್ಟಾದರೆ ಆರು ಹೆಚ್ಚು, ಯಾಕೆಂದರೆ ಶಕ್ತಿ ಹೋಗುವುದು ಒತ್ತಡದ ವರ್ಗದ ಲೆಕ್ಕದಲ್ಲಿ. ಬಯಲಿನಲ್ಲಿ ನೀನು ಎರಡು ಪಟ್ಟು ಹತ್ತಿರ ಹೋದರೂ ಆರು ಹೆಚ್ಚು. ಉಳಿದ ದೂರವನ್ನೂ ಅರ್ಧ ಮಾಡಿದರೆ ಇನ್ನೂ ಆರು.

ನನಗೆ ತಲೆ ಗಿರ್ರೆಂದಿತು. "ಅಲ್ರಿ ಸರ್, ಎರಡಕ್ಕೂ ಡೆಸಿಬೆಲ್ ಅಂತ ಒಂದ ಹೆಸರು ಯಾಕಿಟ್ಟಾರ?" ಎಂದೆ.

"ಅದ ನೋಡ್ರಿ ಘಾತ," ಎಂದು ನಕ್ಕರು. "ಒಂದ ಊರಾಗ ಒಂದ ಹೆಸರಿನವರು ಇಬ್ಬರು ಇದ್ಹಂಗ. ಒಬ್ಬರಿಗೆ ಬರದ ಪತ್ರ ಇನ್ನೊಬ್ಬರ ಮನಿಗೆ ಹೋಗತೈತಿ. ಅದಕ್ಕ ಯಾವಾಗ್ಲೂ ಪೂರ್ತಿ ವಿಳಾಸ ಬರೀಬೇಕು. ಶಕ್ತಿದೋ, ಒತ್ತಡದೋ, ಒತ್ತಡದ್ದಾದ್ರ ಎಲ್ಲಿ ನಿಂತು ಅಳದದ್ದು."

ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಯಾಕೆಂದರೆ, ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಅವರು ನನಗೆ ಬಿಡಿಸಿ ಹೇಳಿದ್ದರು.

ಅವರಿದ್ದ ಓಣಿಯಲ್ಲೇ ಎರಡು ಮನೆ ಆಚೆ ಒಬ್ಬ ಪೇಟಿ ಮಾಸ್ತರರು ಇದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಮಾಸ್ತರರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹೆಂಡತಿ ತೀರಿಹೋಗಿದ್ದರು. ಒಬ್ಬರೇ ಅಡುಗೆ ಮಾಡಿಕೊಂಡು, ಬೆಳಿಗ್ಗೆ ಸಂಜೆ ಮಕ್ಕಳಿಗೆ ಪೇಟಿ, ಹಾಡು ಕಲಿಸುತ್ತಿದ್ದರು. ಕಾಲೇಜು ಮುಗಿದ ಮೇಲೆ ಸರ್ ಹೋಗಿ ಅವರ ಕಟ್ಟೆಯ ಮೇಲೆ ಕೂಡುತ್ತಿದ್ದರು. ಇಬ್ಬರ ನಡುವೆ ಮಾತು ಬಹಳ ಇರುತ್ತಿರಲಿಲ್ಲವಂತೆ. ಮಾಸ್ತರರು ಒಳಗೆ ಮಗುವೊಂದರ ಸ್ವರ ತಿದ್ದುತ್ತಿದ್ದರೆ ಸರ್ ಹೊರಗೆ ಕೂತು ಕೇಳುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಮಾಸ್ತರರು ಕೋಲು ಹಿಡಿದು ನನ್ನನ್ನು ಓಣಿಯ ತಿರುವಿನವರೆಗೂ ಕಳಿಸಲು ಬಂದರು. ಬ್ಯಾಡ್ರಿ ಎಂದರೆ, "ನನ್ನ ಓಣಿ ನನ್ನ ಕಿವ್ಯಾಗ ಐತಿ ಯವ್ವಾ. ಬಲಕ ನಳದ ಹನಿ, ಎಡಕ ಗಿರಣಿ, ನಡುವ ನನ್ನ ಹಾದಿ," ಎಂದರು.

ಓಣಿಯ ಆ ತುದಿಯಲ್ಲಿ ಒಂದು ವಿದ್ಯುತ್ ಮಗ್ಗದ ಶೆಡ್ಡು ಇತ್ತು. ಇಪ್ಪತ್ತನಾಲ್ಕು ಮಗ್ಗ. ಅದರ ಮಾಲೀಕರು ಇನ್ನೂ ಅಷ್ಟೇ ಮಗ್ಗ ಹಾಕಲು ಇನ್ನೊಂದು ಶೆಡ್ಡು ಕಟ್ಟುವುದಾಗಿ ಅರ್ಜಿ ಕೊಟ್ಟರು. ಜಾಗ ಈ ತುದಿಯಲ್ಲಿ, ಮಾಸ್ತರರ ಹಿತ್ತಲಗೋಡೆಗೆ ಹತ್ತಿ. ಓಣಿಯವರು ತಕರಾರು ಬರೆದುಕೊಟ್ಟರು. ಸಂಬಂಧಪಟ್ಟ ಕಚೇರಿಯವರು, ಸಪ್ಪಳ ಎಷ್ಟು ಹೆಚ್ಚಾಗುತ್ತದೆಂದು ತಿಳಿದವರು ಬರೆದುಕೊಡಲಿ ಎಂದು ನಮ್ಮ ಕಾಲೇಜಿಗೆ ಪತ್ರ ಹಾಕಿದರು. ಪ್ರಾಂಶುಪಾಲರು ಅದನ್ನು ಸರ್ ಕೈಗಿಟ್ಟರು.

ಅವರು ಒಂದು ವಾರ ಅಳೆದರು. ಶೆಡ್ಡಿನ ಒಳಗೆ, ಬಾಗಿಲಲ್ಲಿ, ಓಣಿಯ ಪ್ರತಿ ಮನೆಯಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದರು. ಕಚೇರಿಯವರು ಒಂದು ಪುಟದ ಕನ್ನಡ ಟಿಪ್ಪಣಿ ಬೇಕು ಎಂದರು. ಅವರು ಆ ನಾಲ್ಕು ಪುಟ ತಂದು ನನ್ನ ಮುಂದಿಟ್ಟರು.

"ನನ್ನ ಕನ್ನಡ ಮಾತಾಡಾಕ ಸಾಕ್ರಿ ಮೇಡಂ. ಬರದ್ರ ಬರೋಬ್ಬರಿ ಆಗೂದಿಲ್ಲ. ನೀವು ಒಂದು ಪುಟ ಮಾಡಿಕೊಡ್ರಿ."

ಆ ನಾಲ್ಕು ಪುಟಗಳ ಸಾರ ಹೀಗಿತ್ತು. ಮಗ್ಗಗಳು ಎರಡು ಪಟ್ಟಾದರೆ ಒಟ್ಟು ಶಬ್ದಶಕ್ತಿ ಮೂರು ಡೆಸಿಬೆಲ್ ಹೆಚ್ಚಾಗುತ್ತದೆ. ಇದರಿಂದ ಮನೆಗಳಲ್ಲಿ ಆಗುವ ಶಬ್ದದ ಒತ್ತಡವನ್ನು ಹೇಳಲು ಬರುವುದಿಲ್ಲ. ಹೊಸ ಶೆಡ್ಡಿನ ಗೋಡೆಗೆ ಹತ್ತಿದ ಮನೆಯಲ್ಲಿ ಶಬ್ದದ ಒತ್ತಡ ಅದಕ್ಕಿಂತ ಬಹಳ ಹೆಚ್ಚು ಡೆಸಿಬೆಲ್ ಏರುತ್ತದೆ. ಆ ಮನೆಗೆ ತಡೆ ಮಾಡದೆ ಪರವಾನಗಿ ಕೊಡಬಾರದು.

ಶಬ್ದಶಕ್ತಿ, ಶಬ್ದದ ಒತ್ತಡ, ಮತ್ತೆ ಶಬ್ದಶಕ್ತಿ, ಮತ್ತೆ ಡೆಸಿಬೆಲ್. ಪ್ರತಿ ಸಾಲಿನಲ್ಲೂ ಅದೇ ಪದ. ನಾನು ಇಡೀ ಜೀವನ ಮಕ್ಕಳ ಪ್ರಬಂಧದಲ್ಲಿ ಪುನರುಕ್ತಿಗೆ ಕೆಂಪು ಗೆರೆ ಎಳೆದವಳು. ಎರಡನ್ನೂ 'ಶಬ್ದ' ಎಂದು ಒಂದೇ ಮಾಡಿದೆ. ಪುಟ ಮೀರುತ್ತಿತ್ತೆಂದು ಗೋಡೆಗೆ ಹತ್ತಿದ ಮನೆಯ ಮಾತು ಬಿಟ್ಟೆ. ಹೇಗೂ ಮೂಲದಲ್ಲಿದೆ, 'ವಿವರ ಲಗತ್ತಿಸಿದೆ' ಎಂದರಾಯಿತು ಅಂದುಕೊಂಡೆ. ಕೊನೆಗೆ ವಾಕ್ಯ ಹೀಗೆ ನಿಂತಿತು: 'ಹೊಸ ಮಗ್ಗಗಳಿಂದ ಈಗಿರುವ ಶಬ್ದವು ಮೂರು ಡೆಸಿಬೆಲ್ ಮಾತ್ರ ಹೆಚ್ಚಾಗುತ್ತದೆ.'

ಆ 'ಮಾತ್ರ' ಅವರ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ವಾಕ್ಯ ಓದಲು ಚೆನ್ನಾಗಿರಲಿ ಎಂದು ನಾನು ಸೇರಿಸಿದ್ದು.

ಅದೇ ದಿನ ಅವರ ತಾಯಿಗೆ ಹುಷಾರಿಲ್ಲದೆ ಹುಬ್ಬಳ್ಳಿಗೆ ಒಯ್ಯುತ್ತಿದ್ದರು. ಹೊರಗೆ ಆಟೋ ನಿಂತಿತ್ತು. ಅವರು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಮಾಡಿದರು.

"ಒಂದ್ಸಲ ಓದ್ರಿ ಸರ್," ಎಂದೆ.

"ನೀವು ಬರದ ಮ್ಯಾಲ ನಾ ಏನ್ ಓದೂದ್ರಿ," ಎಂದು ಹೋದರು.

ಶೆಡ್ಡು ಎದ್ದಿತು. ಮಗ್ಗಗಳು ಬಂದವು. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ದೀಪ ಹಚ್ಚುವ ಹೊತ್ತು ದಾಟಿದರೂ ನಿಲ್ಲುತ್ತಿರಲಿಲ್ಲ. ಸರ್ ಮೊದಲ ದಿನವೇ ಮಾಸ್ತರರ ಕೋಣೆಯಲ್ಲಿ ಮೀಟರು ಹಿಡಿದರು. ಮರುದಿನ ನನ್ನ ಹತ್ತಿರ ಬಂದು, "ಇಪ್ಪತ್ತಕ್ಕೂ ಮ್ಯಾಲ ಏರೇತ್ರಿ," ಎಂದರು. "ಇಪ್ಪತ್ತಂದ್ರ ಒತ್ತಡ ಹತ್ತು ಪಟ್ಟು. ಆ ಕೋಣಿಗೆ ಬಂದು ಬೀಳೂ ಶಕ್ತಿ ಲೆಕ್ಕ ಹಿಡದ್ರ ನೂರು ಪಟ್ಟು. ನಾ ಬರದ ಮ್ಯಾಲೂ ಇವರು ಹೆಂಗ ಪರವಾನಗಿ ಕೊಟ್ರು?" ಅವರು ಇನ್ನೂ ಆ ಪುಟ ನೋಡಿರಲಿಲ್ಲ.

ಕಚೇರಿಗೆ ಹೊರಟಾಗ, ಕನ್ನಡದಲ್ಲಿ ಹೇಳಲು ನೀವಿದ್ದರೆ ಛಲೋ ಎಂದು ನನ್ನನ್ನೂ ಕರೆದರು. ಬರುವುದಿಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅಧಿಕಾರಿ ಒರಟು ಮನುಷ್ಯರೇನಲ್ಲ. ಕೂಡಲು ಕುರ್ಚಿ ಕೊಟ್ಟು, ಫೈಲು ತರಿಸಿ, ಆ ಪುಟವನ್ನು ನಮ್ಮ ಕಡೆ ತಿರುಗಿಸಿ ಇಟ್ಟರು.

"ಇದು ನಿಮ್ಮ ಸಹಿ ಹೌದಲ್ರಿ ಸರ್?"

"ಹೌದ್ರಿ."

"ಮೂರು ಮಾತ್ರ ಅಂತ ಬರದೀರಿ. ಈಗ ಬಂದು ಇಪ್ಪತ್ತು ಅಂತೀರಿ. ಯಾವುದು ಖರೆ?"

ಸರ್ ಆ ಪುಟ ಓದಿದರು. ಚಿಕ್ಕ ಪುಟ. ಅದನ್ನು ಓದಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ, "ಎರಡೂ ಖರೆ ಅದಾವ್ರಿ," ಎಂದರು. ಮೂರು ಎಂಬುದು ಮಗ್ಗಗಳ ಶಕ್ತಿಯ ಮಾತು, ಇಪ್ಪತ್ತು ಎಂಬುದು ಆ ಮನೆಯ ಕಿವಿಯ ಮಾತು ಎಂದು ಬಿಡಿಸಿ ಹೇಳಿದರು. ಅಧಿಕಾರಿ ಪೂರ್ತಿ ಕೇಳಿ, "ಅದನ್ನ ಇದರಾಗ ಬರದಿಲ್ಲಲ್ರಿ," ಎಂದರು.

"ಲಗತ್ತಿಸಿದ್ದರಾಗ ಐತ್ರಿ."

"ಅದು ಇಂಗ್ಲಿಷಿನ್ಯಾಗ ಐತಿ. ತೀರ್ಮಾನ ಟಿಪ್ಪಣಿ ಮ್ಯಾಲ ಆಗೈತಿ. ಈ ಟಿಪ್ಪಣಿ ಬರದವರು ಯಾರು, ನೀವಲ್ಲೇನು?"

ನಾನು ಮೇಜಿನ ಮೇಲಿದ್ದ ಪೆನ್ನಿನ ಸ್ಟ್ಯಾಂಡನ್ನೇ ನೋಡುತ್ತಿದ್ದೆ.

"ನಾನ ರೀ," ಎಂದರು ಸರ್.

ಹೊರಗೆ ಬಂದು ಬಸ್ ನಿಲ್ದಾಣದ ತನಕ ನಡೆದೆವು. ಎದುರಾದ ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕಾರ ಮಾಡಿದ. ಅವನ ಹೆಸರು ಹಿಡಿದು ಮಾತಾಡಿಸಿದರು. ನನ್ನ ಬಸ್ಸು ಬಂದಾಗ, "ಓದಿ ಸಹಿ ಮಾಡಬೇಕಾಗಿತ್ರಿ. ನಂದ ತಪ್ಪು," ಎಂದರು. ಅವರು ಅದನ್ನು ನನಗೆ ಕೇಳಿಸಲೆಂದೇ ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ. ನಾನು ಬಸ್ಸು ಹತ್ತಿದೆ.

ಅವರು ಸುಮ್ಮನೆ ಕೂಡಲಿಲ್ಲ. ಮತ್ತೆ ಅಳೆದರು, ಮತ್ತೆ ಬರೆದರು. ಈ ಸಲ ಕನ್ನಡದಲ್ಲಿ, ತಾವೇ, ತಪ್ಪುತಪ್ಪಾಗಿ. ಒಂದಕ್ಕೂ ಉತ್ತರ ಬರಲಿಲ್ಲ. ಶೆಡ್ಡಿನ ಮಾಲೀಕರ ಬಳಿ ಹೋಗಿ, ಮಗ್ಗದ ಕಾಲಿಗೆ ದಪ್ಪ ರಬ್ಬರು ಹಾಕಿ, ಮಾಸ್ತರರ ಮನೆಯ ಕಡೆ ನಡುವೆ ಸಂದು ಬಿಟ್ಟು ಇನ್ನೊಂದು ಗೋಡೆ ಕಟ್ಟಿ ಎಂದು ಚಿತ್ರ ಬರೆದುಕೊಟ್ಟರು. ಮಾಲೀಕರು, "ಆತ್ರಿ ಸರ್, ಮಾಡೂಣು," ಎಂದರು. ಎರಡನೇ ಸಲ ಹೋದಾಗ, "ಮೂವತ್ತು ಮಂದಿ ಹೊಟ್ಟಿ ಐತ್ರಿ ಇದರ ಮ್ಯಾಲ. ಮತ್ತ ನೀವ ಮೂರು ಅಂತ ಬರದೀರಿ," ಎಂದರಂತೆ. "ಹೊಟ್ಟಿ ಮಾತೂ ಖರೆ ಐತ್ರಿ," ಎಂದು ಸರ್ ನನಗೆ ಹೇಳಿದರು.

ಮಾಸ್ತರರ ಹತ್ತಿರ ಬರುತ್ತಿದ್ದ ಮಕ್ಕಳು ಒಂದೊಂದಾಗಿ ಬಿಟ್ಟುಹೋದವು. ತಾಯಂದಿರದೇನೂ ತಪ್ಪಿಲ್ಲ. ಪೇಟಿ ಬಾರಿಸುವವರಿಗೇ ಸ್ವರ ಕೇಳದಿದ್ದರೆ ಕಲಿಯುವುದೇನು? ಮಾಸ್ತರರು ಪೇಟಿಯ ಗಾಳಿ ಒತ್ತುವ ಬಾತಿಗೆ ಕಿವಿ ಹಚ್ಚಿ ಕೂಡುತ್ತಿದ್ದರಂತೆ. ಕೊನೆಗೆ ಒಬ್ಬಳೇ ಹುಡುಗಿ ಉಳಿದಿದ್ದಳು. ಅವಳೂ ಪರೀಕ್ಷೆಯ ನೆಪ ಹೇಳಿ ಬಿಟ್ಟಳು. ಓಣಿ ಅವರಿಗೆ ಕಳೆದುಹೋಯಿತು. ನಳದ ಹನಿ ಇಲ್ಲ, ಗಿರಣಿ ಇಲ್ಲ, ಎಲ್ಲ ದಿಕ್ಕಿಗೂ ಮಗ್ಗ. ಒಂದು ಬೆಳಿಗ್ಗೆ ಗಟಾರ ಕಟ್ಟಲು ಅವರ ಮನೆಯ ಮುಂದೆ ಅಗೆದಿದ್ದರು. ಕೆಲಸದವರು "ನಿಲ್ರಿ, ನಿಲ್ರಿ" ಎಂದು ಕೂಗಿದರು. ಮಾಸ್ತರರು ಕೋಲು ಮುಂದಿಟ್ಟು, ಕೋಲಿನ ಹಿಂದೆಯೇ ಬಿದ್ದರು. ತೊಡೆಯ ಎಲುಬು ಮುರಿಯಿತು.

ಮುಂಡರಗಿಯಿಂದ ತಂಗಿ ಬಂದು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬೆಟಗೇರಿಯ ಮನೆ ಖಾಲಿಯಾಯಿತು. ಶೆಡ್ಡಿನ ಮಾಲೀಕರು ಅದನ್ನು ಕೊಂಡು ನೂಲು ಇಡಲು ಬಳಸಿದರು.

ಸರ್ ಭಾನುವಾರ ಭಾನುವಾರ ಮುಂಡರಗಿಗೆ ಹೋಗತೊಡಗಿದರು. ಒಂದು ಸಲ ನಾನೂ ಹೋದೆ. ಬಸ್ಸಿನಲ್ಲಿ ಹೇಳಿಬಿಡಬೇಕೆಂದೇ ಹೊರಟಿದ್ದೆ. ಕಪ್ಪತಗುಡ್ಡ ಕಾಣುವಾಗ ಹೇಳೋಣ ಎಂದುಕೊಂಡೆ. ಗುಡ್ಡ ಕಂಡು ಹಿಂದೆ ಹೋಯಿತು. ತಂಗಿಯ ಮನೆ ಊರ ಅಂಚಿಗೆ, ಹೊಲದ ಕಡೆ. ಎಷ್ಟು ನಿಶ್ಶಬ್ದವೆಂದರೆ ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು. ಮಾಸ್ತರರು ಹೊರಸಿನ ಮೇಲೆ ಕೂತಿದ್ದರು. ಪೇಟಿ ಬಟ್ಟೆ ಸುತ್ತಿ ಮೂಲೆಯಲ್ಲಿತ್ತು.

"ಬಾರಸಂಗಿಲ್ಲೇನ್ರಿ?" ಎಂದೆ.

"ಯಾರಿಗೆ ಬಾರಸಲಿ ಯವ್ವಾ? ಇಲ್ಲಿ ಯಾರೂ ನನ್ನ ಗುರ್ತಿನವರಿಲ್ಲ."

ಮಾಸ್ತರರು ಸರ್ ಕೂತ ಕಡೆ ಮುಖ ತಿರುಗಿಸಿದರು. "ಸರ್, ನನಗ ಸಿಟ್ಟಿಲ್ರಿ. ದೇವರಾಣೆ ಇಲ್ಲ. ಆದ್ರ ನೀವು ಬಂದ ದಿನ ಬೆಟಗೇರಿ ಮನಿ ನೆನಪಾಗತೈತಿ. ಎರಡು ದಿನ ಊಟ ಸೇರಂಗಿಲ್ಲ. ಇನ್ನ ಬರಬ್ಯಾಡ್ರಿ."

ಸರ್, "ಆತ್ರಿ," ಎಂದು ಎದ್ದರು. ಅವರ ಕೈ ಹಿಡಿದು ಅದುಮಿ, ಬಿಟ್ಟು, ಹೊರಗೆ ಬಂದು ಚಪ್ಪಲಿ ಹಾಕಿಕೊಂಡರು. ಎಡದ್ದು ಬಲಕ್ಕೆ ಹಾಕಿಕೊಂಡದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಯಿತು.

ಆಮೇಲೆ ಅವರು ಏನನ್ನೂ ಅಳೆಯಲಿಲ್ಲ. ಧ್ವನಿಯ ಪಾಠ ಬಂದಾಗ ಪುಸ್ತಕದಲ್ಲಿದ್ದಷ್ಟನ್ನು ಓದಿ ಮುಗಿಸುತ್ತಿದ್ದರು. ಹುಡುಗರು ಪ್ರಶ್ನೆ ಕೇಳಿದರೆ "ಗೊತ್ತಿಲ್ಲ" ಎನ್ನುತ್ತಿದ್ದರು. 'ಅಳದು ಹೇಳ್ತೀನಿ' ಎನ್ನುವುದು ನಿಂತಿತ್ತು. ತಾಯಿ ತೀರಿದರು. ನಿವೃತ್ತಿಯಾದ ಮೇಲೆ ಲಕ್ಷ್ಮೇಶ್ವರಕ್ಕೆ ತಮ್ಮನ ಮನೆಗೆ ಹೋದರು. ನಾನು ಒಮ್ಮೆ ಅಲ್ಲಿಗೆ ಹೋದೆ. ಮಳೆ, ಬೆಳೆ, ಕಾಲೇಜಿನ ಹೊಸ ಕಟ್ಟಡ ಎಲ್ಲ ಮಾತಾಯಿತು. ಕೊನೆಗೆ ನಾನು, "ಸರ್, ಆ ಟಿಪ್ಪಣಿ," ಎಂದೆ.

"ಮುಗದದ್ದು ಬ್ಯಾಡ್ರಿ ಮೇಡಂ," ಎಂದರು, ಅದೇ ಮೆಲ್ಲನೆ ದನಿಯಲ್ಲಿ. ನನ್ನ ಮೇಲಿನ ಕರುಣೆಯೋ, ಇನ್ನು ಅದನ್ನು ಕೇಳುವ ಶಕ್ತಿ ಅವರಿಗಿರಲಿಲ್ಲವೋ. ಅವರ ತಮ್ಮನ ಹೆಂಡತಿ ಕುಂಕುಮ ಕೊಟ್ಟು ಕಳಿಸಿದರು. ಅದಾಗಿ ಎಂಟು ತಿಂಗಳಿಗೆ ಹೃದಯಾಘಾತವಾಯಿತು.

ಸಂತಾಪ ಸಭೆ ಮುಗಿದ ಮೂರನೇ ದಿನ ನಾನು ಮುಂಡರಗಿಗೆ ಹೋದೆ. ಹೇಳಬೇಕಾದವರು ಇನ್ನೊಬ್ಬರಿದ್ದರಲ್ಲ. ಮಾಸ್ತರರು ಬಹಳ ಇಳಿದುಹೋಗಿದ್ದರು. ತಂಗಿ ಅವರ ಕಿವಿಗೆ ಬಾಯಿ ಹಚ್ಚಿ, "ಗದಗಿನ ಅಕ್ಕಾರು ಬಂದಾರ," ಎಂದು ಕೂಗಿದಳು. ಎರಡು ಸಲ ಕೂಗಿದಳು.

"ಕಿವಿ ಹ್ವಾದವ್ರಿ ಅಕ್ಕಾರ," ಎಂದಳು ನನಗೆ. ಆ ಸಪ್ಪಳದಿಂದ ಆದದ್ದೋ, ವಯಸ್ಸಿನಿಂದ ಆದದ್ದೋ, ಅವಳಿಗೂ ಗೊತ್ತಿರಲಿಲ್ಲ.

ಸರ್ ಹೋದ ಸುದ್ದಿಯನ್ನು ಅವಳೇ ಕೂಗಿ ಹೇಳಿದಳು. ಪಕ್ಕದ ಮನೆಯ ಹೆಂಗಸರು ಬೇಲಿಯ ಹತ್ತಿರ ಬಂದು ನಿಂತರು. ಮಾಸ್ತರರು ತಲೆ ಬಗ್ಗಿಸಿ ಕೂತರು. "ನಾನ ಬರಬ್ಯಾಡ ಅಂದೆ," ಎಂದರು. ತಮ್ಮ ದನಿ ತಮಗೇ ಕೇಳದವರು ಮಾತಾಡುವ ಹಾಗೆ, ಬಹಳ ಜೋರಾಗಿ. "ನಾನ ಅಂದೆ. ಆ ಮನಶ್ಯಾ ಏನ್ ತಪ್ಪ ಮಾಡಿದ್ದ?"

ತಂಗಿ ಚಹಾ ಇಡಲು ಒಳಗೆ ಹೋದಳು. ನಾನು ಹೊರಸಿನ ಪಕ್ಕ ಕೂತು, ಅವರ ಕಿವಿಯ ಹತ್ತಿರ ಬಗ್ಗಿ, "ಆ ಟಿಪ್ಪಣಿ ಬರದಾಕಿ ನಾನ್ರಿ ಮಾಸ್ತರ. ಅವರಲ್ಲ," ಎಂದೆ.

"ಏನಂದಿ ಯವ್ವಾ?"

ಮತ್ತೆ ಹೇಳಿದೆ, ಇನ್ನೂ ಹತ್ತಿರದಿಂದ. ಅವರು ಕಿವಿಗೆ ಕೈ ಒಡ್ಡಿ, ಮುಖ ನನ್ನ ಕಡೆ ತಂದು ಕಾದರು. ಕೂಗಿದರೆ ಕೇಳುತ್ತಿತ್ತು. ಬೇಲಿಯ ಹತ್ತಿರ ಹೆಂಗಸರು ಇನ್ನೂ ನಿಂತೇ ಇದ್ದರು. ನಾನು ಅವರನ್ನೊಮ್ಮೆ ನೋಡಿ, ಉಸಿರು ತುಂಬಿಕೊಂಡು, "ಚಾ ಬ್ಯಾಡ ಅಂದೆ ರೀ," ಎಂದು ಕೂಗಿದೆ.

ಅದು ಕೇಳಿಸಿತು. "ಕುಡದ ಹೋಗ ಯವ್ವಾ," ಎಂದರು ಅವರು. "ದೂರದಿಂದ ಬಂದಿ."